ಕೂಸಿನ ಮನೆಗೆ ರೇವಣಪ್ಪ ಹಾಕಿದ ಗುರುತು

ರೇವಣಪ್ಪನ ಮೊಮ್ಮಗಳು ಭಾಗ್ಯಾಳಿಗೆ ಹನ್ನೊಂದು ತಿಂಗಳು ತುಂಬಿ ಕಾಲು ಬಂದದ್ದೇ ತಡ, ಮನೆಯಲ್ಲಿ ಯಾರಿಗೂ ಒಂದು ಗಳಿಗೆ ಕೂರಲು ಪುರುಸೊತ್ತು ಇಲ್ಲದಂತಾಯಿತು. ಒಲೆ ಕಂಡರೆ ಒಲೆಯ ಕಡೆ, ಎಮ್ಮೆ ಕಂಡರೆ ಎಮ್ಮೆಯ ಕಾಲಿನ ಕಡೆ, ನೀರಿನ ಕೊಡ ಕಂಡರೆ ಅದರ ಕಡೆ. ಅಜ್ಜಿ ಕಾಶಿಬಾಯಿ ಮೊಣಕಾಲು ಹಿಡಿದುಕೊಂಡು "ಹಿಡೀರಿ, ಹಿಡೀರಿ" ಅನ್ನುವಷ್ಟರಲ್ಲಿ ಕೂಸು ಹೊಸ್ತಿಲು ದಾಟಿರುತ್ತಿತ್ತು.

ಊರು ಆಳಂದ ತಾಲೂಕಿನದು, ಮಟಕಿಯಿಂದ ಆಚೆ ಒಂದಿಷ್ಟು ದಾರಿ. ತೊಗರಿ ರಾಶಿ ಮುಗಿದಿತ್ತು. ಕೆರೆಯ ಹೂಳೆತ್ತುವ ಕೆಲಸ ಶುರುವಾಗಿತ್ತು. ಸೊಸೆ ಭುವನೇಶ್ವರಿಯ ಹೆಸರಿನಲ್ಲಿ ಜಾಬ್ ಕಾರ್ಡ್ ಇತ್ತು, ಕೆಲಸಕ್ಕೆ ಹೋಗುವ ಮನಸ್ಸೂ ಇತ್ತು. ಒಂದು ಮುಂಜಾನೆ ರೊಟ್ಟಿ ಬಡಿಯುತ್ತ, ತಲೆ ಎತ್ತದೆ, ಮೆಲ್ಲಗೆ ಮಾತು ತೆಗೆದಳು.

"ಅತ್ತಿ, ಭಾಗ್ಯಾನ್ನ ಕೂಸಿನ ಮನ್ಯಾಗ ಬಿಟ್ಟು ಹೋಗ್ಲೇನ್ರಿ? ಕೆರಿ ಕೆಲಸಕ್ಕ ಬರೂ ಹೆಣ್ಮಕ್ಕಳೆಲ್ಲ ಅಲ್ಲೇ ಬಿಡಾಕತ್ತಾರ."

ಕಾಶಿಬಾಯಿಯ ಕೈಯಲ್ಲಿದ್ದ ಮೊರ ನಿಂತಿತು. "ಏನಂದಿ? ಘತ್ತರಗಿ ಭಾಗ್ಯವಂತಿಗೆ ಹರಕಿ ಹೊತ್ತು ಪಡದ ಕೂಸದು. ಮಂದಿ ಕೈಯಾಗ ಕೊಡೂದಾ? ಆ ಸುವರ್ಣಾ ನಿನ್ನೆ ಮೊನ್ನೆ ಲಗ್ನಾಗಿ ಬಂದಾಕಿ. ಅಕೀಗೇನು ತಿಳೀತದ ಬೇ?"

"ಅಕೀಗೆ ಟ್ರೇನಿಂಗ ಆಗ್ಯಾದ್ರಿ."

ಹೊರಗೆ ಕಟ್ಟೆಯ ಮೇಲೆ ಕೂತಿದ್ದ ರೇವಣಪ್ಪ ಅಲ್ಲಿಂದಲೇ ನಕ್ಕ. "ಕೂಸು ನೋಡಾಕೂ ಟ್ರೇನಿಂಗ ಬಂತೇನು? ನಿಮ್ಮ ಅತ್ತಿ ನಾಲ್ಕು ಮಕ್ಕಳ್ನ ಹಡದು ದೊಡ್ಡವ್ರನ್ನ ಮಾಡ್ಯಾಳ. ಯಾವ ಟ್ರೇನಿಂಗಿಗೆ ಹೋಗಿದ್ಲು?"

ಅಲ್ಲಿಗೆ ಮಾತು ಮುಗಿಯಿತು. ಭುವನೇಶ್ವರಿ ರೊಟ್ಟಿಯನ್ನು ಸ್ವಲ್ಪ ಜೋರಾಗಿಯೇ ಬಡಿದಳು.

ಕೂಸಿನ ಮನೆ ಅಂದರೆ ಹಳೆಯ ಶಾಲೆಯ ಒಂದು ಕೋಣೆ, ಮುಂದೆ ಒಂದು ಪಡಸಾಲೆ. ತಾಯಂದಿರು ಕೆಲಸಕ್ಕೆ ಹೋದಾಗ ಮೂರು ವರ್ಷದೊಳಗಿನ ಮಕ್ಕಳನ್ನು ಅಲ್ಲಿ ನೋಡಿಕೊಳ್ಳುತ್ತಾರೆ. ನೋಡಿಕೊಳ್ಳುವವರು ಇಬ್ಬರು: ಕಲ್ಲಿನಾಥನ ಹೆಂಡತಿ ಸುವರ್ಣಾ, ಅವಳ ಜೊತೆ ಸೀಮಾ. ಇಬ್ಬರೂ ಊರಿನ ಸೊಸೆಯಂದಿರು. ಗೋಡೆಯ ಮೇಲೆ ಅವರ ಹೆಸರು ಬರೆದಿತ್ತು. ಆ ಹೆಸರು ನೋಡಲೆಂದೇ ಸುವರ್ಣಾಳ ತಾಯಿ ಖಜೂರಿಯಿಂದ ಬಸ್ಸು ಹತ್ತಿ ಬಂದಿದ್ದಳು. ಓದಲು ಬಾರದ ಆಕೆ ಅಕ್ಷರಗಳ ಮೇಲೆ ಬೆರಳಾಡಿಸಿ, "ಇದರಾಗ ನಿಂದ್ಯಾವ್ದು?" ಎಂದು ಕೇಳಿ, ತೋರಿಸಿದ ಮೇಲೆ ಬಹಳ ಹೊತ್ತು ಅಲ್ಲೇ ನಿಂತಿದ್ದಳಂತೆ.

ಮೊದಲ ತರಬೇತಿ ಅವರಿಗೆ ಪಟ್ಟಣದ ದೊಡ್ಡ ಸಭಾಂಗಣದಲ್ಲಿ ಆಗಿತ್ತು. ಎರಡು ದಿನ. ಮೈಕಿನಲ್ಲಿ ಹೇಳಿದರು, ಇವರು ಹಿಂದಿನ ಸಾಲಿನಲ್ಲಿ ಕೂತು ಕೇಳಿದರು, ಊಟ ಮಾಡಿ ಬಂದರು. ಊರಿಗೆ ಬಂದು ಅಳುವ ಹನ್ನೆರಡು ಮಕ್ಕಳ ನಡುವೆ ನಿಂತಾಗ ಒಂದೂ ನೆನಪಾಗಲಿಲ್ಲ. ಆಮೇಲೆ ತರಬೇತಿ ಕೊಡುವವರು ಬೇರೆ ದಾರಿ ಹುಡುಕಿದರು. ದೀಪಾವಳಿಯಿಂದ ಈಚೆಗೆ ರಾಧಿಕಾ ಎಂಬ ಕಲಿಸುವಾಕೆ ಪ್ರತಿ ಗುರುವಾರ ಸ್ಕೂಟಿಯ ಮೇಲೆ ಊರಿಗೇ ಬರತೊಡಗಿದಳು. ಆಳಂದ, ಅಫಜಲಪುರ, ಜೇವರ್ಗಿ ಮೂರೂ ಕಡೆ ಅವಳ ಓಡಾಟ. ಬಂದವಳು ಭಾಷಣ ಮಾಡುತ್ತಿರಲಿಲ್ಲ. ಅದೇ ಕೋಣೆಯಲ್ಲಿ, ಅದೇ ಚಾಪೆಯ ಮೇಲೆ, ಅದೇ ಅಳುವ ಕೂಸನ್ನು ಎತ್ತಿಕೊಂಡು, ಹೀಗೆ ಮಾಡಿ ನೋಡೋಣ ಅನ್ನುತ್ತಿದ್ದಳು. ಮರುದಿನ ಅದನ್ನೇ ಅವರು ಮಾಡುತ್ತಿದ್ದರು. ತಪ್ಪಿದರೆ ಮುಂದಿನ ಗುರುವಾರ ಮತ್ತೆ ತಿದ್ದುತ್ತಿದ್ದಳು.

ಐದು ತಿಂಗಳಾದ ಮೇಲೆ ಒಂದು ಪ್ರಶ್ನೆ ಬಂತು. ಕಲಿಸಿದ್ದು ಇವರ ಕೈಗೆ ಹತ್ತಿದೆಯೋ ಇಲ್ಲವೋ? ನೋಡಿ ಹೇಳುವವರು ಊರಿನವರೇ ಆಗಿರಬೇಕು ಎಂದು ಪಂಚಾಯಿತಿಯಲ್ಲಿ ಮಾತಾಯಿತು. ಪಂಚಾಯಿತಿಯಲ್ಲಿ ನೀರು ಬಿಡುವ ಗೌಸಮೊಹಿದ್ದೀನ, ರೇವಣಪ್ಪನ ವಾರಿಗೆಯವನು, ಓಡುತ್ತ ಬಂದು ಸುದ್ದಿ ಹೇಳಿದ.

"ಲೇ ರೇವಣ್ಯಾ, ನಿನ್ನ ಹೆಸರು ಬರದಾರ! ಕೂಸಿನ ಮನಿ ನೀನೇ ನೋಡಿ ಹೇಳ್ಬೇಕಂತ."

"ನಂಗ ಮೂರನೇತ್ತೆ ಸಾಲಿ. ನಾ ಏನು ಹೇಳ್ಲಿ?"

"ಸಾಲಿ ಯಾರಿಗೆ ಬೇಕಾಗ್ಯಾದ? ಬದುವಿನ ತಕರಾರಿನಾಗ ಸ್ವಂತ ತಮ್ಮನ ಮ್ಯಾಲೇ ಸಾಕ್ಷಿ ಹೇಳಿದಂವ ನೀನು. ಝೂಟ್ ಬರಂಗಿಲ್ಲ ನಿನ್ನ ಬಾಯಾಗ. ಅದಕ್ಕ ಬರದಾರ."

ರಾಧಿಕಾ ಒಂದು ಹಾಳೆ ತಂದುಕೊಟ್ಟಳು. ಅದರಲ್ಲಿ ಹತ್ತು ಚಿತ್ರ. ಕೂಸಿನ ಜೊತೆ ಮಾತಾಡುವ ಹೆಂಗಸು, ಕೂರಿಸಿ ಉಣಿಸುವ ಹೆಂಗಸು, ಕೈ ತೊಳೆಯುವ ಹೆಂಗಸು, ಹೀಗೆ. "ಕಂಡರ ದುಂಡಗ ಗೋಲು ಹಾಕ್ರಿ ಅಜ್ಜಾರ. ಕಾಣಲಿಲ್ಲಂದ್ರ ಗೆರಿ ಎಳೀರಿ."

"ನೀನೇ ಹಾಕಬಾರದೇನವ್ವ? ಕಲಿಸಿದಾಕಿ ನೀನು."

"ನಾನೇ ಕಲಿಸಿ ನಾನೇ ಪಾಸ್ ಮಾಡಿದ್ರ ಹ್ಯಾಂಗ್ರಿ? ನಂದೂ ಪರೀಕ್ಷಾನೇ ಇದು."

ಆ ಮಾತು ರೇವಣಪ್ಪನಿಗೆ ಹಿಡಿಸಿತು. ಮರುದಿನ ಅವನು ಜಳಕ ಮಾಡಿ, ವಿಭೂತಿ ಹಚ್ಚಿ, ಒಗೆದ ಧೋತರ ಉಟ್ಟು, ರುಮಾಲು ಸುತ್ತಿ, ಕೈಯಲ್ಲಿ ಬಡಿಗೆ ಹಿಡಿದು ಕೂಸಿನ ಮನೆಗೆ ಹೊರಟ. ದಾರಿಯಲ್ಲಿ ಕಂಡವರಿಗೆಲ್ಲ ಇಂದು ಏನೋ ದೊಡ್ಡ ಕೆಲಸವಿದೆ ಎಂದು ಗೊತ್ತಾಗುವ ಹಾಗೆ ನಡೆದ.

ಅವನ ಬಡಿಗೆಯ ಸದ್ದು ಪಡಸಾಲೆಯಲ್ಲಿ ಕೇಳಿದ್ದೇ ಸುವರ್ಣಾ, ಸೀಮಾ ಇಬ್ಬರೂ ತಟ್ಟನೆ ಎದ್ದರು. ಸೆರಗು ಹುಬ್ಬಿನ ತನಕ ಬಂತು. ಶಾಲೆಯಿಂದ ಕುರ್ಚಿ ಬಂತು. ನಡೆಯಬಲ್ಲ ಮಕ್ಕಳು ಗೋಡೆಗೆ ಸಾಲಾಗಿ ಕೂತರು. ರೇವಣಪ್ಪ ಕುರ್ಚಿಯ ಮೇಲೆ ಕೂತು, ಕನ್ನಡಕ ಹಾಕಿಕೊಂಡು, ನೋಡತೊಡಗಿದ.

ಏನು ಕಂಡಿತು? ಒಂದು ಕೂಸು ಅತ್ತಿತು. ಸುವರ್ಣಾ ಮಾತಿಲ್ಲದೆ ಎತ್ತಿಕೊಂಡು ಗೋಡೆಯ ಕಡೆ ಮುಖ ಮಾಡಿ ನಿಂತಳು. ಊಟದ ಹೊತ್ತಾಯಿತು. ಸೀಮಾ ಮಾತಿಲ್ಲದೆ ಬಡಿಸಿದಳು. ಮಕ್ಕಳು ಆ ರುಮಾಲು ನೋಡುತ್ತ, ಬಾಯಿ ತೆರೆಯುವುದನ್ನೂ ಮರೆತು ಕೂತವು. ನಡುವೆ ಸುವರ್ಣಾ ಕೂಸನ್ನು ಕೆಳಗಿಳಿಸಿ ಹಿರಿಯರಿಗೆ ಚಹಾ ಕಾಸಲು ಹೋದಳು. ಕೂಸು ಮತ್ತೆ ಅತ್ತಿತು.

ರೇವಣಪ್ಪ ಚಹಾ ಕುಡಿದ. ಚಹಾ ಛಲೋ ಇತ್ತು. ಆದರೆ ಚಹಾ ಕುಡಿದೆನೆಂದು ಕಾಣದ್ದನ್ನು ಕಂಡೆ ಅನ್ನುವ ಜಾಯಮಾನ ಅವನದಲ್ಲ. ಮಾತಾಡಿಸುವುದು, ಗೆರೆ. ಕಣ್ಣಲ್ಲಿ ಕಣ್ಣಿಟ್ಟು ನೋಡುವುದು, ಗೆರೆ. ಆಡಿಸುವುದು, ಗೆರೆ. ಹತ್ತರಲ್ಲಿ ಏಳು ಗೆರೆ, ಮೂರು ಗೋಲು. ಕೆಳಗೆ ಸಹಿ ಮಾಡಿ ಗೌಸಮೊಹಿದ್ದೀನನ ಕೈಗೆ ಹಾಳೆ ಕೊಟ್ಟು, ಮನೆಗೆ ಬಂದು ಕಾಶಿಬಾಯಿಗೆ ಹೇಳಿದ. "ನಾ ಅಂದಿದ್ನಿಲ್ಲ? ಟ್ರೇನಿಂಗ ಗೀನಿಂಗ ಎಲ್ಲ ಸುಳ್ಳು."

ಎರಡು ದಿನದಲ್ಲಿ ಆ ಗೆರೆಗಳು ಊರೆಲ್ಲ ಓಡಾಡಿದವು. ಪಂಚಾಯಿತಿ ಮೆಂಬರ್ ದತ್ತಪ್ಪ ಹಾಳೆ ನೋಡಿ, ಬರುವ ಸೋಮವಾರದ ಸಭೆಯಲ್ಲಿ ತೀರ್ಮಾನ ಮಾಡೋಣ ಅಂದ. ಕಲಿಸಿದ್ದು ಹತ್ತದಿದ್ದರೆ ರಾಧಿಕಾ ಸುಮ್ಮನೆ ಯಾಕೆ ಪೆಟ್ರೋಲು ಸುಟ್ಟುಕೊಂಡು ಬರಬೇಕು? ಆ ಇಬ್ಬರನ್ನು ಬಿಡಿಸಿ ಬೇರೆ ಇಬ್ಬರನ್ನು ಹಾಕಿದರಾಯಿತು.

ಸಂಜೆ ಭುವನೇಶ್ವರಿ ನೀರು ತುಂಬಿಕೊಂಡು ಬಂದವಳು ಕೊಡ ಇಳಿಸುವ ಮೊದಲೇ ಅಂದಳು. "ಸುವರ್ಣಾ ನಳದ ಹಂತ್ಯಾಕ ಅಳಾಕತ್ತಿದ್ಲು. ಗ್ವಾಡಿ ಮ್ಯಾಗಿನ ಹೆಸರು ಅಳಿಸ್ತಾರಂತ. ತವರಮನಿಗೆ ಏನು ಹೇಳ್ಲಿ ಅಂತಾಳ."

ರೇವಣಪ್ಪ ರುಮಾಲು ತೆಗೆದು ತೊಡೆಯ ಮೇಲೆ ಇಟ್ಟುಕೊಂಡ. "ಕಂಡಿದ್ದು ಬರದೀನಿ. ಮಾತಾಡ್ಲಿಲ್ಲ, ಗೆರಿ ಎಳದೆ. ಅದರಾಗ ತಪ್ಪೇನದ?"

ಕಟ್ಟೆಯ ಮೇಲೆ ಕೂತಿದ್ದ ಗೌಸಮೊಹಿದ್ದೀನ ಎಲೆ ಅಡಿಕೆ ಉಗುಳಿ ಬಂದು, "ತಹಶೀಲ್ದಾರ ಸಾಹೇಬ್ರಂಗ ಕುರ್ಚಿ ಮ್ಯಾಲ ಕುಂತಿದ್ಯಲ್ಲೋ. ನಾನಾದ್ರೂ ಮಾತಾಡ್ತಿದ್ದಿಲ್ಲ" ಅಂದ.

ಅಷ್ಟರಲ್ಲಿ ಒಳಗಿಂದ ಕಾಶಿಬಾಯಿ ನಗುವುದು ಕೇಳಿತು. ಕೂಸಿನ ಮನೆಯನ್ನು ಕಂಡರೆ ಆಗದವಳು, ಅವಳೇ ನಗುತ್ತಿದ್ದಳು.

"ಅಲ್ರೀ, ಮಾತಾಡ್ಲಿಲ್ಲಂತ ಗೆರಿ ಎಳದೀರಾ? ನಿಮ್ಮ ಮುಂದ ಹ್ಯಾಂಗ ಮಾತಾಡ್ತಾಳ್ರಿ ಅಕಿ? ಊರ ಸೊಸಿ. ನಾ ಮಾತಾಡೀನೇನು? ನಮ್ಮ ಮಾವಾರು ಕಟ್ಟಿ ಮ್ಯಾಲ ಕುಂತ್ರ ಹಿರಿಮಗನ್ನ ಎತ್ಕೊಳ್ಳಾಕೂ ನಾಚ್ತಿದ್ದೆ. ಕೂಸು ಚೀರ್ತಿತ್ತು, ನಾ ಒಳಗ ಸೆರಗು ಕಚ್ಕೊಂಡು ನಿಲ್ತಿದ್ದೆ. ಅವರು ಎದ್ದು ಹೋದ ಮ್ಯಾಲ ಅಡಗಿ ಮನಿ ಮೂಲ್ಯಾಗ ಕುಂತು ಅದರ ಸಂಗಾಟ ಎಷ್ಟು ಮಾತು, ಎಷ್ಟು ಹಾಡು! ನಲವತ್ತೆರಡು ವರ್ಸಾತು ಲಗ್ನಾಗಿ. ನೀವು ಒಮ್ಮೆರೆ ಕೇಳೀರೇನು?"

ರೇವಣಪ್ಪ ತೊಡೆಯ ಮೇಲಿದ್ದ ರುಮಾಲನ್ನು ಮಡಚಿ ಪಕ್ಕಕ್ಕಿಟ್ಟ. ಅವನ ನೆನಪು ಊರಿಗೇ ಹೆಸರಾದದ್ದು. ಯಾವ ಎತ್ತು ಯಾವ ಸಂತೆಯಲ್ಲಿ ತಂದದ್ದು, ಭೀಮಾ ನದಿ ಯಾವ ವರ್ಷ ಎಲ್ಲಿಯ ತನಕ ಬಂದಿತ್ತು, ಎಲ್ಲ ಹೇಳುತ್ತಿದ್ದ. ಆ ಸಂಜೆ ಅವನು ನೆನಪಿನ ಒಂದೊಂದೇ ಗಂಟು ಬಿಚ್ಚಿ ನೋಡಿದ. ಹೆಂಡತಿ ಮಕ್ಕಳಿಗೆ ಹಾಡಿದ ಒಂದು ಸಾಲೂ ಅದರಲ್ಲಿ ಇರಲಿಲ್ಲ. ಅವಳು ಹಾಡಿದ್ದಳು, ಇವನು ಇದ್ದಲ್ಲಿ ಹಾಡಿರಲಿಲ್ಲ.

ಗೌಸಮೊಹಿದ್ದೀನನ ಫೋನಿನಿಂದಲೇ ರಾಧಿಕಾಳಿಗೆ ಮಾತಾಡಿದ. "ಯವ್ವಾ, ನಾ ಮತ್ತೊಮ್ಮೆ ನೋಡ್ಬೇಕಾಗ್ಯಾದ. ಸೋಮವಾರದೊಳಗ."

"ನೋಡ್ರಿ ಅಜ್ಜಾರ. ನಾನೂ ತಪ್ಪಿದೆ. ಹ್ಯಾಂಗ ನೋಡ್ಬೇಕಂತ ನಿಮಗ ಹೇಳೇ ಇಲ್ಲ. ಒಂದು ದಿನ ಸಾಲಂಗಿಲ್ಲ, ಮೂರು ದಿನ ಹೋಗ್ರಿ. ಕುರ್ಚಿ ಬ್ಯಾಡ. ಕೈಯಾಗ ಏನರೆ ಕೆಲಸ ಇರ್ಲಿ. ಬಂದೀನಿ, ನೋಡ್ತೀನಿ ಅಂತ ಅವ್ರಿಗೆ ಬಾಯಿಬಿಟ್ಟು ಹೇಳೇ ಕುಂದ್ರಿ. ಕದ್ದು ನೋಡೂದು ಬ್ಯಾಡ."

ಶುಕ್ರವಾರ ಮುಂಜಾನೆ ರೇವಣಪ್ಪ ನಿತ್ಯದ ಬನಿಯನ್ನಿನಲ್ಲೇ, ಹೆಗಲ ಮೇಲೆ ಹಗ್ಗ ಹರಿದ ಒಂದು ಹೊರಸು ಮಂಚ ಹೊತ್ತುಕೊಂಡು ಕೂಸಿನ ಮನೆಗೆ ಬಂದ. ಇಬ್ಬರೂ ಎದ್ದು ನಿಂತರು. ಸುವರ್ಣಾಳ ಕಣ್ಣು ಊದಿತ್ತು.

"ಕುಂದ್ರಿ, ಕುಂದ್ರಿ. ಚಹಾ ಬ್ಯಾಡ. ಮೂರು ದಿನ ನಾ ಈ ಪಡಸಾಲ್ಯಾಗ ಕುಂತು ಹೊರಸು ಹೆಣೀತೇನಿ. ಬೆನ್ನು ನಿಮ್ಮ ಕಡೆ ಇರ್ತದ. ಕಿವಿ ತೆರದಿರ್ತದ, ನಡುನಡುವೆ ತಿರುಗಿ ನೋಡ್ತೇನಿ, ಅದನ್ನ ಈಗೇ ಹೇಳ್ತೇನಿ. ನೀವು ದಿನಾ ಮಾಡೂದು ಮಾಡ್ರಿ."

ಮೊದಲ ದಿನ ಬರೀ ಪಿಸುಮಾತು. ಎರಡನೆಯ ದಿನ ಪಿಸುಮಾತು ದನಿಯಾಯಿತು. ಕಂಡದ್ದಕ್ಕಿಂತ ಕೇಳಿದ್ದು ಹೆಚ್ಚು. ಒಂದು ಕೂಸು ಅತ್ತರೆ ಹಗ್ಗದ ಒಂದು ಸುತ್ತು ಎಳೆಯುವುದರೊಳಗೆ ಯಾರಾದರೂ ಎದ್ದು ಹೋದ ಸಪ್ಪಳ. "ಯಾಕ ನನ ರಾಜಾ, ಯಾರು ಬೈದ್ರು? ಅವ್ವ ಕೆರ್ಯಾಗ ಅದಾಳ, ಬಿಸಲು ಇಳಿಯೂದ್ರಾಗ ಬರ್ತಾಳ." ಅದು ಸೀಮಾಳ ದನಿ. "ಇದು ಚಮಚಾ. ಇದು ಬಟ್ಲ. ಬಟ್ಲ ಬಡೀಬ್ಯಾಡ, ಬಡದ್ರ ಸದ್ದ ಬರ್ತದ. ಬಂತಿಲ್ಲ? ಮತ್ತ ಬಡಿ." ಇದು ಸುವರ್ಣಾಳದು. ಕೂಸು ಬಟ್ಟಲು ಬಡಿದು ಕೇಕೆ ಹಾಕಿತು. ಹಗ್ಗ ಬಿಗಿಯುತ್ತಿದ್ದ ರೇವಣಪ್ಪನಿಗೂ ನಗು ಬಂತು, ಬೆನ್ನು ತಿರುಗಿಸಿದ್ದಕ್ಕೆ ಯಾರಿಗೂ ಕಾಣಲಿಲ್ಲ.

ಮೂರನೆಯ ದಿನ ಭಾನುವಾರವಾದರೂ ಕೆರೆ ಕೆಲಸಕ್ಕೆ ರಜೆ ಇರಲಿಲ್ಲ, ಕೂಸಿನ ಮನೆಗೂ ಇರಲಿಲ್ಲ. ಅಂದು ಇಬ್ಬರಿಗೂ ಅವನು ಅಲ್ಲಿರುವುದೇ ಮರೆತಿತ್ತು.

ಅವತ್ತು ಹೊತ್ತೇರಿದಾಗ ಕಾಶಿಬಾಯಿ ಭಾಗ್ಯಾಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಗಂಡನಿಗೆ ಬುತ್ತಿ ತಂದಳು. ಬುತ್ತಿ ಒಂದು ನೆಪ. ಎರಡು ದಿನದಿಂದ ಗಂಡ ಮನೆಗೆ ಬಂದು ಒಂದು ಮಾತೂ ಆಡದೆ ಉಂಡು ಮಲಗುತ್ತಿದ್ದ, ಅಲ್ಲಿ ಅಂಥದ್ದೇನಿದೆ ಎಂದು ನೋಡಬೇಕಾಗಿತ್ತು. ಒಳಗಿನ ಗದ್ದಲ ಕೇಳಿದ್ದೇ ಭಾಗ್ಯಾ ಜಾರಿ ಇಳಿದು, ತಪ್ಪು ಹೆಜ್ಜೆ ಹಾಕುತ್ತ ಹೊಸ್ತಿಲ ಒಳಗೆ ಹೋಗಿಯೇಬಿಟ್ಟಳು. ಹೋಗಿ ಚಾಪೆಯ ಮೇಲೆ ಊಟಕ್ಕೆ ಕೂತ ಮಕ್ಕಳ ಪಕ್ಕ ಕೂತಳು.

"ಬಾ ನಮ್ಮವ್ವ, ನಿಂಗೂ ಬೇಕೇನು?" ಸುವರ್ಣಾ ತನ್ನ ಕೈಯನ್ನೂ ಭಾಗ್ಯಾಳ ಕೈಯನ್ನೂ ತೊಳೆದು, ಬೇಳೆ ಅನ್ನ ಮೆತ್ತಗೆ ಹಿಸುಕಿ ಚಮಚದಲ್ಲಿ ಹಿಡಿದಳು. ಭಾಗ್ಯಾ ಬಾಯಿ ಬಿಗಿದಳು. ಸುವರ್ಣಾ ಚಮಚ ಹಾಗೆಯೇ ಹಿಡಿದು ಕಾದಳು.

ಹೊಸ್ತಿಲಲ್ಲಿ ನಿಂತ ಕಾಶಿಬಾಯಿಗೆ ತಡೆಯಲಾಗಲಿಲ್ಲ. "ಹಂಗ ಕಾದ್ರ ಸಂಜೀಕ ಉಣ್ತದ ಅದು. ಕಾಲು ಚಾಚು, ಕಾಲ ಮ್ಯಾಲ ಅಂಗಾತ ಹಾಕ್ಕೋ, ಮೂಗು ಹಿಡಿ. ಬಾಯಿ ತೆರೀತದ. ಒಳ್ಳೀಲೆ ಸುರುವಿಬಿಡು. ನಾವೆಲ್ಲ ಹಂಗೇ ಹಾಕೀವಿ."

ಒಳ್ಳೆ ಅಂದರೆ ಕೂಸುಗಳಿಗೆ ಹಾಲು, ಗಂಜಿ ಸುರಿಯುವ ಮೂತಿ ಇರುವ ಸಣ್ಣ ಬಟ್ಟಲು. ಆ ಕಡೆ ಯಾವ ಮನೆಯಲ್ಲೂ ಅದಿಲ್ಲದೆ ಇಲ್ಲ.

ಪಡಸಾಲೆಯಲ್ಲಿ ಹಗ್ಗದ ಸದ್ದು ನಿಂತಿತು. ಅತ್ತೆಯ ವಯಸ್ಸಿನವಳು, ಹಿರಿಯ ಮನೆಯವಳು ಹೇಳುತ್ತಿದ್ದಾಳೆ. ಹೊರಗೆ ಕೂತಿರುವ ಮುದುಕನ ಕೈಯಲ್ಲಿ ಸುವರ್ಣಾಳ ಹೆಸರು ಗೋಡೆಯ ಮೇಲೆ ಉಳಿಯಬೇಕೋ ಅಳಿಯಬೇಕೋ ಅನ್ನುವುದಿದೆ. ಇಂಥ ಹೊತ್ತಿನಲ್ಲಿ ಊರಿನ ಯಾವ ಸೊಸೆಯಾದರೂ ಹೂಂ ಅನ್ನುತ್ತಿದ್ದಳು.

"ಬ್ಯಾಡ್ರಿ ಅತ್ತಿ." ಸುವರ್ಣಾ ಸೆರಗು ಎಳೆದುಕೊಂಡು, ಚಮಚ ಹಿಡಿದೇ ಹೇಳಿದಳು. "ಅಂಗಾತ ಹಾಕಿ ಸುರುವಿದ್ರ ಒಮ್ಮೊಮ್ಮೆ ಹೊಟ್ಟಿಗೆ ಹೋಗೂದು ಉಸಿರಿನ ದಾರೀಗೆ ಹೋಗ್ತದ್ರಿ. ಮೂಗು ಹಿಡದ್ರ ಅದು ಉಸಿರಿಗೆಂತ ಬಾಯಿ ತೆರೀತದ, ಊಟಕ್ಕಲ್ಲ. ಅದೇ ಹೊತ್ತಿಗೆ ನಾವು ಸುರುವ್ತೀವಿ. ನಿದ್ದೀಗೆ ಅಂಗಾತ ಛಲೋ, ಊಟಕ್ಕ ಬ್ಯಾಡ. ಕುಂದ್ರಿಸೇ ಉಣಿಸ್ಬೇಕ್ರಿ. ಬ್ಯಾಡಂದ್ರ ಕಾಯ್ಬೇಕು. ತಪ್ಪು ತಿಳ್ಕೋಬ್ಯಾಡ್ರಿ, ಈ ಕೂಸಿಗೆ ನಾ ಹಂಗ ಹಾಕಂಗಿಲ್ಲ."

ಕಾಶಿಬಾಯಿ ಗಂಡನ ಕಡೆ ನೋಡಿದಳು. ರೇವಣಪ್ಪ ಈಗ ತಿರುಗಿ ಕೂತಿದ್ದ. ಇಬ್ಬರ ಕಣ್ಣ ಮುಂದೆಯೂ ಒಂದೇ ಮನೆ, ಒಂದೇ ಮುಂಜಾನೆ ಬಂದಿತ್ತು. ನಲವತ್ತು ವರ್ಷದ ಹಿಂದಿನದು. ರೇವಣಪ್ಪನ ತಮ್ಮ ಗುರುಲಿಂಗನ ಚೊಚ್ಚಲ ಗಂಡು ಕೂಸು, ಒಂಬತ್ತು ತಿಂಗಳು. ರೇವಣಪ್ಪನ ತಾಯಿ, ಊರಿನ ಅರ್ಧ ಮಕ್ಕಳನ್ನು ಎತ್ತಿ ಆಡಿಸಿದಾಕೆ, ಕಾಲು ಚಾಚಿ ಕೂಸನ್ನು ಅಂಗಾತ ಹಾಕಿಕೊಂಡು ಒಳ್ಳೆಯಿಂದ ಗಂಜಿ ಸುರಿಯುತ್ತಿದ್ದಳು. ಕೂಸು ಕೆಮ್ಮಿತು, ನೀಲಿಯಾಯಿತು. ಗಾಡಿ ಹೂಡುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಣ್ಣು ಬಿತ್ತು ಅಂದರು, ಗಾಳಿ ಸೋಕಿತು ಅಂದರು. ಆಗ ಹೊಸ ಸೊಸೆಯಾಗಿದ್ದ ಕಾಶಿಬಾಯಿ ಬಾಗಿಲ ಹಿಂದೆ ನಿಂತಿದ್ದಳು. ರೇವಣಪ್ಪನ ತಾಯಿ ಸಾಯುವ ತನಕ ಆ ಒಳ್ಳೆಯನ್ನು ಮುಟ್ಟಲಿಲ್ಲ. ಕೆಟ್ಟವಳಾಗಿರಲಿಲ್ಲ ಆಕೆ. ಪ್ರೀತಿ ಬೇಕಾದಷ್ಟಿತ್ತು, ಹೇಳುವವರು ಇರಲಿಲ್ಲ.

"ಗುರುಲಿಂಗನ ಕೂಸು..." ಎಂದು ಕಾಶಿಬಾಯಿ ಶುರುಮಾಡಿದಳು.

"ಹೂಂ" ಅಂದ ರೇವಣಪ್ಪ. "ಅದೇ ಇದ್ದೀತು."

ಕಾಶಿಬಾಯಿ ಚಪ್ಪಲಿ ಬಿಟ್ಟು ಒಳಗೆ ಹೋದಳು. ಮೊಣಕಾಲು ಹಿಡಿದುಕೊಂಡು ಸುವರ್ಣಾಳ ಎದುರು ಚಾಪೆಯ ಮೇಲೆ ಕೂತಳು. ಸುವರ್ಣಾ ಬೈಗುಳ ಬರುವುದೆಂದು ತಲೆ ತಗ್ಗಿಸಿದಳು.

"ತೋರಿಸು ಮತ್ತ" ಅಂದಳು ಕಾಶಿಬಾಯಿ. "ಹ್ಯಾಂಗ ಕಾಯೂದು, ತೋರಿಸು."

ಸುವರ್ಣಾ ಚಮಚ ಹಿಡಿದು, ತಾನೇ ಬಾಯಿ ದೊಡ್ಡದಾಗಿ ತೆರೆದು, "ಹಾಂ, ಗುಬ್ಬಿ ಬಂತು ನೋಡು, ಗುಬ್ಬಿಗೆ ಬಾಗಲಾ ತೆಗಿ" ಅಂದಳು. ಭಾಗ್ಯಾ ಅವಳ ಬಾಯಿ ನೋಡಿದಳು, ಅಜ್ಜಿಯ ಬಾಯಿ ನೋಡಿದಳು. ಅಜ್ಜಿಯೂ ಗೊತ್ತಿಲ್ಲದಂತೆ ಬಾಯಿ ತೆರೆದಿದ್ದಳು. ಸೀಮಾ ಕಿಸಕ್ಕನೆ ನಕ್ಕಳು. ಭಾಗ್ಯಾ ಚಮಚಕ್ಕೆ ತಾನೇ ಕೈ ಹಾಕಿ, ಅರ್ಧ ಗಲ್ಲಕ್ಕೆ ಮೆತ್ತಿಕೊಂಡು, ಅರ್ಧ ತಿಂದಳು. ಆಮೇಲೆ ಇನ್ನೊಂದಕ್ಕೆ ಬಾಯಿ ತೆರೆದಳು.

ಮಧ್ಯಾಹ್ನ ರೇವಣಪ್ಪ ರಾಧಿಕಾ ಕಳಿಸಿದ್ದ ಹೊಸ ಹಾಳೆ ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ಚಿತ್ರದ ಮುಂದೆ ಗೋಲು ಹಾಕತೊಡಗಿದ. ಒಂಬತ್ತು ಗೋಲಾದವು. ಒಂದರ ಮುಂದೆ ಪೆನ್ನು ನಿಂತಿತು. ಕೂಸಿನ ಹೇಲು ತೊಳೆದ ಮೇಲೆ ಸಾಬೂನಿನಿಂದ ಕೈ ತೊಳೆಯುವ ಚಿತ್ರ ಅದು. ಗೆರೆ ಎಳೆದ.

ಸುವರ್ಣಾ ದೂರದಿಂದಲೇ ನೋಡಿದಳು. "ಮಾವಾರ, ಅದೊಂದು..."

"ಉಣಿಸೂ ಮುಂದ ತೊಳದಿ, ಅದಕ್ಕ ಗೋಲು ಹಾಕೀನಿ. ಇದು ಬ್ಯಾರೆ. ಮೂರು ದಿನದಾಗ ಎರಡು ಸಲ ನೀ ಬರೇ ನೀರಾಗ ಕೈ ಅದ್ದಿ ಸೆರಗಿಗೆ ಒರಸ್ಕೊಂಡಿ. ಹೌದೋ ಅಲ್ಲೋ?"

"ಹೌದ್ರಿ."

"ಯಾಕ?"

"ಒಳಗಿನ ಕೊಡದ ನೀರು ಉಣಿಸೂಮುಂದ ಖರ್ಚಾಗ್ತದ್ರಿ. ಆಮ್ಯಾಲ ಸಾಲಿ ನಳಕ್ಕ ಹೋಗ್ಬೇಕು. ಸಾಬೂನು ಅಲ್ಲಿ ಗ್ವಾಡಿ ಮಾಡದ ಮ್ಯಾಲ ಇಡ್ತಾರ. ಸೀಮಾ ಒಬ್ಬಾಕಿ ಹನ್ನೆರಡು ಮಕ್ಕಳ್ನ ಹ್ಯಾಂಗ ಹಿಡೀತಾಳಂತ..."

"ಗೆರಿ ಇರ್ಲಿ. ಆ ಗೆರಿ ನಿಂದಲ್ಲ. ಊರಿಂದು. ಸೋಮವಾರ ಹೇಳ್ತೇನಿ."

ಸೋಮವಾರ ಸಭೆಯಲ್ಲಿ ರೇವಣಪ್ಪ ಎದ್ದು ನಿಂತು ಎರಡೂ ಹಾಳೆ ಎತ್ತಿ ಹಿಡಿದ. ದತ್ತಪ್ಪ ಅಂದ, "ಯಜಮಾನ್ರ, ಹಳೇದು ಹರದುಬಿಡ್ರಿ. ಗೊಂದಲ ಯಾಕ?"

"ಹರಿಯಂಗಿಲ್ಲ ದತ್ತಪ್ಪ. ಇದು ನನ್ನ ತಪ್ಪಿನ ಹಾಳಿ, ಊರು ಇದನ್ನೂ ನೋಡ್ಲಿ. ಅವತ್ತು ನಾ ಕುರ್ಚಿ ಮ್ಯಾಲ ಕುಂತೆ. ಅವರು ನನ್ನ ನೋಡಿದ್ರು, ನಾ ಅವ್ರನ್ನ ನೋಡ್ದೆ. ಕೂಸುಗಳನ್ನ ಯಾರೂ ನೋಡ್ಲಿಲ್ಲ. ಈ ಎರಡನೇ ಹಾಳಿ ಮೂರು ದಿನದ್ದು. ಇದರಾಗ ಒಂಬತ್ತು ಗೋಲು ಅವ. ಇನ್ನೊಂದು ಗೋಲು ಹಾಕಾಕ ಹನ್ನೊಂದನೇ ಚಿತ್ರ ಇಲ್ಲ, ಬಾಯಿಲೆ ಹೇಳ್ತೇನಿ. ಕಲ್ಲಿನಾಥನ ಹೇಣ್ತಿ ನಮ್ಮ ಮನ್ಯಾಕಿಗೆ, ನನ್ನ ಎದುರೇ, ಬ್ಯಾಡ್ರಿ ಅತ್ತಿ ಅಂದ್ಲು. ತನ್ನ ಹೆಸರು ಹೋಗ್ತದಂತ ಗೊತ್ತಿದ್ದೂ ಅಂದ್ಲು. ಕೂಸಿನ ಸಲುವಾಗಿ ಅಂದ್ಲು. ಕಲಿಸಿದ್ದು ಹತ್ತ್ಯಾದೋ ಇಲ್ಲೋ ಅಂತ ಕೇಳ್ತೀರಲ್ಲ? ಇದಕ್ಕಿಂತ ಹೆಚ್ಚು ಹ್ಯಾಂಗ ಹತ್ತಬೇಕು?"

ಹೆಂಗಸರ ಸಾಲಿನ ಹಿಂದೆ ಸುವರ್ಣಾ ಸೀಮಾಳ ಕೈ ಹಿಡಿದುಕೊಂಡು ಕೂತಿದ್ದಳು. ಅವಳ ಗಂಡ ಕಲ್ಲಿನಾಥ, ಎಂದೂ ಸಭೆಗೆ ಬಾರದವನು, ಬಾಗಿಲಲ್ಲಿ ನಿಂತು ಮೀಸೆಯ ಮೇಲೆ ಸುಮ್ಮನೆ ಕೈಯಾಡಿಸುತ್ತಿದ್ದ.

"ಇನ್ನ ಆ ಒಂದು ಗೆರಿ" ಎಂದು ರೇವಣಪ್ಪ ದತ್ತಪ್ಪನ ಕಡೆ ತಿರುಗಿದ. "ಅದು ನಿಂದೂ ನಂದೂ. ಹನ್ನೆರಡು ಕೂಸು ಇರೂ ಮನ್ಯಾಗ ಕೈ ತೊಳ್ಯಾಕ ನೀರಿಲ್ಲ. ಅದನ್ನ ಯಾವ ಟ್ರೇನಿಂಗ ಕೊಟ್ಟು ಸರಿ ಮಾಡ್ತಿ?"

ಗೌಸಮೊಹಿದ್ದೀನ ಹಿಂದಿನಿಂದ ಕೂಗಿದ, "ಪೈಪು ನಾ ಎಳೀತೇನಿ, ನೀವು ಹೂಂ ಅನ್ರಿ ಸಾಕು!" ದತ್ತಪ್ಪ ನಕ್ಕು ಹೂಂ ಅಂದ. ವಾರದೊಳಗೆ ಪಡಸಾಲೆಯಲ್ಲಿ ನಳ ಬಂತು, ಪಕ್ಕದಲ್ಲಿ ಕೈಗೆಟಕುವಂತೆ ಸಾಬೂನು. ಸುವರ್ಣಾ, ಸೀಮಾ ಅಲ್ಲಿಯೇ ಉಳಿದರು. ರಾಧಿಕಾಳ ಗುರುವಾರ ತಪ್ಪಲಿಲ್ಲ. ಅಷ್ಟೇ ಅಲ್ಲ, ಮೊದಲು ಹೇಗೆ ನೋಡಬಾರದು, ಆಮೇಲೆ ಹೇಗೆ ನೋಡಬೇಕು ಎಂದು ಬೇರೆ ಊರುಗಳಲ್ಲಿ ಹೇಳಲು ಅವಳು ರೇವಣಪ್ಪನ ಎರಡೂ ಹಾಳೆಗಳ ನಕಲು ಮಾಡಿಕೊಂಡು ಹೋದಳು.

ಸಭೆಯ ಮರುದಿನ, ಮಂಗಳವಾರ, ಭುವನೇಶ್ವರಿ ಬುಟ್ಟಿ ಹಿಡಿದು ಕೆರೆಗೆ ಹೊರಟಳು. ಭಾಗ್ಯಾಳನ್ನು ಕೂಸಿನ ಮನೆಗೆ ಬಿಟ್ಟು ಬಂದದ್ದು ಕಾಶಿಬಾಯಿಯೇ. ಬರುವಾಗ ಹಿಟ್ಟಿನ ಗಿರಣಿಯ ಮುಂದೆ ನಿಂತ ಹೆಂಗಸರಿಗೆ ಕೇಳುವಂತೆ ಅಂದಳು. "ನಮ್ಮ ಸುವರ್ಣಾನ ಹಂತ್ಯಾಕ ಬಿಟ್ಟು ಬಂದೀನಿ ಬೇ. ಅಕಿ ನನಗೇ ಕಲಿಸ್ಯಾಳ, ನಿಮಗ ಕಲಿಸೂದು ಏನು ದೊಡ್ಡದು?"

ಓದುತ್ತಿರುವ, ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಊರಿನಲ್ಲೂ ಕೂಸಿನ ಮನೆ ಇರಬಹುದು. ಅಲ್ಲಿ ನಿಮ್ಮದೇ ಊರಿನ ಹೆಣ್ಣುಮಕ್ಕಳು ನಿಮ್ಮ ಮಕ್ಕಳನ್ನು ಎತ್ತಿಕೊಂಡಿದ್ದಾರೆ. ಅವರಿಗೆ ಅವರಿರುವ ಜಾಗದಲ್ಲೇ ಕಲಿಸುವವರು ಬರುತ್ತಿದ್ದಾರೆಯೇ ಎಂದು ಪಂಚಾಯಿತಿಯಲ್ಲಿ ಕೇಳಿ. ಬರದಿದ್ದರೆ ಬರುವಂತೆ ಮಾಡಿ. ಕಲಿತದ್ದು ಹತ್ತಿದೆಯೇ ಎಂದು ನೋಡಲು ನೀವೇ ಹೋಗಿ, ಆದರೆ ಹೇಳಿ ಹೋಗಿ, ಒಂದು ದಿನಕ್ಕೆ ಮುಗಿಸಬೇಡಿ, ನೆಲದ ಮೇಲೆ ಕೂರಿ. ಗೋಡೆಯ ಬಣ್ಣ ನೋಡಬೇಡಿ, ಮಕ್ಕಳು ಸಾಲಾಗಿ ಸುಮ್ಮನೆ ಕೂತರೆ ಮೆಚ್ಚಬೇಡಿ. ಕೂಸು ಅತ್ತಾಗ ಯಾರು ಎದ್ದರು, ಕೂರಿಸಿ ಉಣಿಸಿದರೋ, ಅದರ ಸಂಗಡ ಮಾತಾಡಿದರೋ, ಅವರನ್ನು ಕಂಡು ಕೂಸು ನಗುತ್ತದೆಯೋ, ಅದನ್ನು ನೋಡಿ. ಕೊರತೆ ಕಂಡರೆ ಅದು ಅವರದೋ, ನಾವು ಕೊಡದೆ ಬಿಟ್ಟದ್ದೋ ಎಂದು ಒಮ್ಮೆ ಕೇಳಿಕೊಳ್ಳಿ. ಛಲೋ ಕಂಡರೆ ನಾಲ್ಕು ಜನರ ಮುಂದೆ ಎದ್ದು ನಿಂತು ಹೇಳಿ. ನಿಮ್ಮ ಬಾಯಿಂದ ಒಂದು ಒಳ್ಳೆಯ ಮಾತು ಕೇಳಬೇಕೆಂದು ಆ ಹೆಣ್ಣುಮಗಳು ಬಹಳ ದಿನದಿಂದ ಕಾಯುತ್ತಿದ್ದಾಳೆ.